ನಾನು ತೆಗೆದುಹಾಕಿದ ಒಂದಕ್ಷರ

ನಮ್ಮ ಸಾರ್ ತೀರಿಕೊಂಡು ಎರಡು ವಾರ ಕಳೆಯುವಷ್ಟರಲ್ಲಿ ಅವರ ಹೆಸರಿನಲ್ಲೊಂದು ಸಂಸ್ಮರಣ ಸಮಿತಿ ಹುಟ್ಟಿಕೊಂಡಿತು. ಕೊನೆಯ ಎರಡು ವರ್ಷ ಅವರು ರಾಜಾಜಿನಗರದ ಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಾಗ ಆ ಮನೆ ಯಾವ ಬ್ಲಾಕಿನಲ್ಲಿದೆ ಎಂಬುದನ್ನೂ ಮರೆತಿದ್ದವರು ಅಂದು ಬಸವೇಶ್ವರನಗರದ ಒಂದು ಮನೆಯ ಹಾಲಿನಲ್ಲಿ ಸಾಲಾಗಿ ಕೂತು "ನಾನೂ ಅವರೂ" ಎಂದು ಮಾತು ಶುರು ಮಾಡುತ್ತಿದ್ದರು. ಒಬ್ಬರೂ ಬರೀ "ಅವರು" ಎಂದು ಶುರು ಮಾಡಲಿಲ್ಲ. ನನಗೆ ಅಲ್ಲೇ ಸಿಟ್ಟು ಬಂದಿತ್ತು. ಎದ್ದು ವಿಜಯನಗರದ ಬಸ್ಸು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಅದರ ಫಲವನ್ನು ಆಮೇಲೆ ಒಂದು ವರ್ಷ ಅನುಭವಿಸಿದೆ.

ಸಮಿತಿಯ ಸಂಚಾಲಕರು ಒಬ್ಬ ನಿವೃತ್ತ ಪ್ರಿನ್ಸಿಪಾಲರು. ಸಜ್ಜನರು, ಮೆಲುಮಾತಿನವರು, ಯಾರನ್ನೂ ನೋಯಿಸದೆ ಎಪ್ಪತ್ತು ದಾಟಿದವರು. ಸಾರ್ ಕುರಿತು ಒಂದು ಗ್ರಂಥ ತರಬೇಕು, ಮೊದಲ ವರ್ಷದ ಪುಣ್ಯತಿಥಿಗೆ ಬಿಡುಗಡೆಯಾಗಬೇಕು ಎಂದು ಅವರು ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಕೆಲಸ ಯಾರು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು.

"ಮೇಡಂ, ನೀವು ಅವರ ಜೊತೆ ಡೆಸ್ಕಲ್ಲಿ ಇದ್ದೋರು. ಸಂಪಾದಕಿ ನೀವೇ ಆಗ್ಬೇಕು."

ಒಪ್ಪಿಕೊಂಡೆ. ಒಪ್ಪಿಕೊಳ್ಳುವುದಕ್ಕೆ ನನಗೊಂದು ಸ್ವಂತ ಕಾರಣವಿತ್ತು. ಇಪ್ಪತ್ತೈದು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಆ ಪುಸ್ತಕದಲ್ಲಿ ನನ್ನ ಹೆಸರು ಹಾಕಿ ಬರೆಯಬೇಕೆಂದುಕೊಂಡಿದ್ದೆ.

ಸಾರ್ ಯಾರೆಂದು ಈಗಿನ ಹುಡುಗರಿಗೆ ಹೇಳುವುದು ಕಷ್ಟ. ಮೂವತ್ತಕ್ಕೂ ಹೆಚ್ಚು ವರ್ಷ ಅವರು ವಿಧಾನಸೌಧದ ವರದಿಗಾರರಾಗಿದ್ದರು. ಟಿ.ವಿ.ಯಲ್ಲಿ ಯಾವತ್ತೂ ಕಾಣಿಸಿಕೊಂಡವರಲ್ಲ. ಪತ್ರಿಕೆಯಲ್ಲೂ ಅವರ ಫೋಟೋ ಬರುತ್ತಿರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಅವರ ಅಂಕಣ ಓದದೆ ಯಾವ ಮಂತ್ರಿಯೂ ಸ್ನಾನಕ್ಕೆ ಹೋಗುತ್ತಿರಲಿಲ್ಲ ಎಂದು ಆಗ ಜನ ತಮಾಷೆ ಮಾಡುತ್ತಿದ್ದರು. ಅವರು ಬಯ್ಯುತ್ತಿರಲಿಲ್ಲ. ಕಡತದಲ್ಲಿ ಏನಿದೆ, ಸದನದಲ್ಲಿ ಏನು ಹೇಳಿದರು, ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗಿಬಿಡುತ್ತಿದ್ದರು. ಓದಿದವನಿಗೆ ಬೇರೆ ಏನೂ ಬೇಕಾಗುತ್ತಿರಲಿಲ್ಲ. ಇಬ್ಬರು ಮಂತ್ರಿಗಳ ಖಾತೆ ಹೋದದ್ದು ಆ ಸುಮ್ಮನಿರುವಿಕೆಯಿಂದಲೇ.

ನಾನು ಅದೇ ಪತ್ರಿಕೆಯಲ್ಲಿ ಉಪಸಂಪಾದಕಿ. ವರದಿಗಾರರು ಬರೆದು ತಂದದ್ದನ್ನು ತಿದ್ದಿ, ತಲೆಬರಹ ಕೊಟ್ಟು, ಪುಟದಲ್ಲಿ ಕೂರಿಸುವುದು ನಮ್ಮ ಕೆಲಸ. ಸೇರಿದಾಗ ಮೂವತ್ತು ತುಂಬಿರಲಿಲ್ಲ. ಸಾರ್ ಬರಹವನ್ನು ತಿದ್ದುವಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಅಲ್ಪವಿರಾಮ ಜರುಗಿಸಿದರೂ ಮಾರನೇ ದಿನ ಪುಟ ಹಿಡಿದು ಬಂದು, "ಇದನ್ನ ಯಾಕಮ್ಮಾ ಇಲ್ಲಿಂದ ಎಬ್ಬಿಸ್ದೆ? ಇಲ್ಲಿ ಕೂತು ಏನ್ ತೊಂದರೆ ಕೊಡ್ತಿತ್ತು?" ಎಂದು ಕೇಳುತ್ತಿದ್ದರು. ಅವರ ಜೊತೆ ಕೆಲಸ ಮಾಡುವುದು ಸುಖದ ವಿಷಯವಾಗಿರಲಿಲ್ಲ. ಈಗ ಎಲ್ಲರೂ ಸುಖವಾಗಿತ್ತು ಎಂದು ಬರೆದುಕೊಡುತ್ತಿದ್ದಾರೆ.

ನಗರದ ಪಶ್ಚಿಮದ ಅಂಚಿನಲ್ಲಿ ಆಗೊಂದು ಹೊಸ ಬಡಾವಣೆ ಆಗಿತ್ತು. ಮನೆ ಇಲ್ಲದ ಬಡವರಿಗೆಂದು ಮೀಸಲಿಟ್ಟಿದ್ದ ಸೈಟುಗಳು ಯಾರ್ಯಾರದೋ ಹೆಸರಿನಲ್ಲಿ ಒಬ್ಬ ಪ್ರಭಾವಿ ಮಂತ್ರಿಯ ಕಡೆಯವರಿಗೆ ಹೋಗಿದ್ದವು. ಸಾರ್ ತಿಂಗಳುಗಟ್ಟಲೆ ಓಡಾಡಿ ಆ ಪಟ್ಟಿಯನ್ನು ಹೊರತೆಗೆದರು. ವರದಿಯ ಜೊತೆಗೆ ಪಟ್ಟಿಯೂ ಕೋಷ್ಟಕದ ರೂಪದಲ್ಲಿ ಬರಬೇಕಿತ್ತು. ಹೆಸರು, ಊರು, ಸೈಟಿನ ಸಂಖ್ಯೆ. ಆ ಪುಟ ಮಾಡಿದ್ದು ನಾನು. ಹೆಸರಿನ ಕಾಲಂ ಕಿರಿದಾಯಿತು. ಇನಿಷಿಯಲ್ ಸೇರಿದರೆ ಹೆಸರುಗಳು ಎರಡನೇ ಸಾಲಿಗೆ ಹೋಗಿ ಕೋಷ್ಟಕ ಅಂದಗೆಡುತ್ತಿತ್ತು. ಪುಟ ಕಳಿಸುವ ಹೊತ್ತಾಗಿತ್ತು. ನಾನು ಇನಿಷಿಯಲ್‌ಗಳನ್ನೆಲ್ಲ ತೆಗೆದುಹಾಕಿದೆ. ಪಟ್ಟಿ ನೋಡಲು ಚೆನ್ನಾಗಿ ಕೂತಿತು.

ಹೇರೋಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರು. ಒಬ್ಬ ಮಂತ್ರಿಯ ಕಡೆಯ ಕಂಟ್ರಾಕ್ಟರ್. ಸೈಟು ಹೋಗಿದ್ದದ್ದು ಅವನಿಗೆ. ಇನ್ನೊಬ್ಬರು ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್. ಮನೆಮನೆಗೆ ಹೋಗಿ ಕಂದಾಯ ವಸೂಲು ಮಾಡುವ ನೌಕರ. ಊರಲ್ಲಿ ಆ ಹೆಸರು ಹೇಳಿದರೆ ಎಲ್ಲರ ಕಣ್ಣ ಮುಂದೆ ಬರುತ್ತಿದ್ದದ್ದು ಇವರೇ, ಯಾಕೆಂದರೆ ಕಂಟ್ರಾಕ್ಟರನ್ನು ಊರಿನವರು ಬೇರೇನೋ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಇಬ್ಬರಿಗೂ ಇದ್ದ ವ್ಯತ್ಯಾಸ ಹೆಸರಿನ ಹಿಂದಿನ ಒಂದಕ್ಷರ. ನಾನು ತೆಗೆದುಹಾಕಿದ ಅಕ್ಷರ.

ಮೂರನೇ ದಿನ ಮಧ್ಯಾಹ್ನ ಆ ಬಿಲ್ ಕಲೆಕ್ಟರ್ ನಮ್ಮ ಆಫೀಸಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಡಿಸಿದ ಪೇಪರ್, ಇನ್ನೊಂದು ಕೈಯಲ್ಲಿ ರೇಷನ್ ಕಾರ್ಡು. ಸಾರ್ ಮೇಜಿನ ಮುಂದೆ ನಿಂತು ಕಾರ್ಡು ಬಿಚ್ಚಿ ತೋರಿಸಿದರು.

"ನೋಡಿ ಸಾರ್, ಇದು ನಮ್ಮಪ್ಪನ ಹೆಸರು. ಕಂಟ್ರಾಕ್ಟ್ರು ಅಪ್ಪನ ಹೆಸರು ಬೇರೆ. ನನಗೆ ಯಾವ ಸೈಟೂ ಬಂದಿಲ್ಲ. ನಿನ್ನೆ ಪಂಚಾಯ್ತಿನಾಗೆ ಸಸ್ಪೆಂಡ್ ಮಾಡವ್ರೆ. ನನ್ ತಂಗಿ ನಿಶ್ಚಿತಾರ್ಥ ಮುಂದುಕ್ಕೆ ಹಾಕವ್ರೆ. ನಾನ್ ಯಾರಿಗೆ ಹೋಗಿ ಏನಂತ ಹೇಳ್ಲಿ?"

ಅವರ ದನಿ ಏರಲಿಲ್ಲ. ಅದು ಏರಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಸಾರ್ ತಮ್ಮ ಮೂಲ ಪ್ರತಿ ತರಿಸಿದರು. ಅದರಲ್ಲಿ ಇನಿಷಿಯಲ್ ಇತ್ತು. ಮುದ್ರಿತ ಪುಟದಲ್ಲಿ ಇರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಬಂದವರಿಗೆ ಕೈಮುಗಿದು, "ತಪ್ಪಾಗಿದೆ. ನಂದೇ ತಪ್ಪು" ಎಂದರು. ಅವರನ್ನು ಕೆಳಗಿನ ಬಾಗಿಲವರೆಗೆ ಬಿಟ್ಟುಬಂದು, ನನ್ನನ್ನು ಕರೆದರು.

"ಇನಿಷಿಯಲ್ ಅಂದ್ರೆ ಏನು ಅಂದ್ಕೊಂಡಿದೀಯಮ್ಮ? ಅದು ಅವನ ಅಪ್ಪ ಕಣಮ್ಮ. ಕಾಲಂ ಸಾಲಲಿಲ್ಲ ಅಂತ ಅಪ್ಪನ್ನೇ ತೆಗೆದ್ಬಿಟ್ಯಲ್ಲ."

ನಾನು ಅಳಲು ಶುರು ಮಾಡಿದೆ. ಸಂಪಾದಕರಿಗೆ ಹೋಗಿ ನಾನೇ ಹೇಳುತ್ತೇನೆ ಎಂದೆ. ಅವರಿಗೆ ಇನ್ನೂ ಸಿಟ್ಟು ಬಂತು.

"ಸುಮ್ನಿರು. ನಿನ್ನ ಹೆಸರು ಹಾಕಿದೆಯಾ ಅಲ್ಲಿ? ನನ್ನ ಹೆಸರು ಹಾಕಿದೆ. ಪ್ರೂಫ್ ನನಗೂ ತೋರ್ಸಿದ್ರು, ನಾನೂ ನೋಡಿ ಸಹಿ ಹಾಕ್ದೆ. ಮುಗೀತು."

ಒಳಪುಟದ ಮೂಲೆಯಲ್ಲಿ ಎರಡು ಸಾಲು ತಿದ್ದುಪಡಿ ಹಾಕಿದರೆ ಸಾಕು ಎಂದು ಸಂಪಾದಕರು ಹೇಳಿದರು. ಮಂತ್ರಿಯ ಕಡೆಯವರು ಅದನ್ನೇ ಹಿಡಿದುಕೊಂಡು ಇಡೀ ವರದಿಯೇ ಸುಳ್ಳೆಂದು ಕೂಗುತ್ತಾರೆ ಎಂಬ ಭಯ ಅವರದು. ಭಯ ಸುಳ್ಳಾಗಿರಲಿಲ್ಲ, ಆಮೇಲೆ ಹಾಗೇ ಕೂಗಿದರು. ಆದರೆ ಸಾರ್ ಬಗ್ಗಲಿಲ್ಲ. ಪಟ್ಟಿ ಮುಖಪುಟದಲ್ಲಿ ಬಂದಿದ್ದರೆ ತಿದ್ದುಪಡಿಯೂ ಮುಖಪುಟದಲ್ಲೇ ಬರಬೇಕು, ಇಲ್ಲದಿದ್ದರೆ ಸೋಮವಾರದ ಅಂಕಣ ಬರೆಯುವುದಿಲ್ಲ ಎಂದು ಕೂತರು. ಮುಖಪುಟದಲ್ಲೇ ಬಂತು.

ಬಿಲ್ ಕಲೆಕ್ಟರ್ ಫೋನು ಮಾಡಿದರು. "ಸುದ್ದಿ ಓದ್ದೋರೆಲ್ಲಾ ತಿದ್ದುಪಡಿ ಓದ್ತಾರಾ ಸಾರ್? ನಮ್ಮೂರಲ್ಲಿ ಪೇಪರ್ ಓದೋರೇ ನಾಕ್ ಜನ. ಮಿಕ್ಕೋರು ಕೇಳ್ಕಂಡೋರು."

ಆ ಮಾತು ಸಾರ್ ಅವರನ್ನು ತಿಂದುಹಾಕಿತು. ಮಾರನೇ ಬೆಳಿಗ್ಗೆ ಆರಕ್ಕೆ ನಮ್ಮ ಮನೆ ಮುಂದೆ ಸ್ಕೂಟರ್ ನಿಂತಿತ್ತು. ಹಿಂದಿನ ಸೀಟಿನ ಮೇಲೆ ತಿದ್ದುಪಡಿ ಬಂದಿದ್ದ ಪೇಪರಿನ ಕಟ್ಟು. "ಹತ್ತು, ಹೇರೋಹಳ್ಳಿಗೆ ಹೋಗೋಣ" ಎಂದರು. ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಾಗಡಿ ರಸ್ತೆಯ ಮೇಲೆ ಆಗಿನ್ನೂ ಎರಡೂ ಕಡೆ ಹೊಲ ಕಾಣುತ್ತಿತ್ತು.

ಊರಿನ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದುಕೊಂಡು ಜನ ನಿಂತಿದ್ದರು. ಸಾರ್ ಅವರ ನಡುವೆ ಹೋಗಿ ನಿಂತು, ಯಾರಿಗೂ ಪೀಠಿಕೆ ಹಾಕದೆ, ಪೇಪರ್ ಬಿಚ್ಚಿ ಗಟ್ಟಿಯಾಗಿ ಓದತೊಡಗಿದರು. ತಮ್ಮ ಹೆಸರು ಹೇಳಿದರು. ತಾವು ಬರೆದ ಪಟ್ಟಿಯಲ್ಲಿ ತಪ್ಪಾಗಿದೆ ಎಂದರು. ಈ ಊರಿನ ಬಿಲ್ ಕಲೆಕ್ಟರ್ ಅವರಿಗೂ ಆ ಸೈಟಿಗೂ ಸಂಬಂಧವಿಲ್ಲ, ಅವರಿಗೆ ಆದ ಅವಮಾನಕ್ಕೆ ಕ್ಷಮೆ ಕೇಳುತ್ತೇನೆ ಎಂದರು. ಮುಖ್ಯಮಂತ್ರಿಗಳು ಫೋನು ಮಾಡಿದರೂ ಕೂತಲ್ಲಿಂದ ಏಳದ ಮನುಷ್ಯ ಹಾಲಿನ ಕ್ಯಾನುಗಳ ಮಧ್ಯೆ ನಿಂತು ಕೈಮುಗಿಯುತ್ತಿದ್ದರು. ಕೆಲವರು ನಕ್ಕರು. ಒಬ್ಬರು, "ಎಷ್ಟು ಕೊಟ್ರು ಸಾರ್ ಇಂಗೆ ಓದಕ್ಕೆ?" ಎಂದು ಕೇಳಿದರು. ಸಾರ್ ಅವರಿಗೂ ಒಂದು ಪ್ರತಿ ಕೊಟ್ಟರು.

ನಾನು ಕಟ್ಟು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಬಾಯಿ ತೆರೆದು "ಅದು ಇವರದ್ದಲ್ಲ, ನಂದು" ಎನ್ನಲು ಎರಡು ನಿಮಿಷವೂ ಬೇಕಿರಲಿಲ್ಲ. ಹೇಳಲಿಲ್ಲ. ಸಾರ್ ಬೇಡ ಅಂದಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ನನಗೆ ನಾಚಿಕೆಯಾಗಿತ್ತು, ಕೆಲಸ ಹೋಗುತ್ತದೆಂಬ ಹೆದರಿಕೆಯೂ ಇತ್ತು.

ಡೈರಿ ಆದಮೇಲೆ ಟೀ ಅಂಗಡಿ, ಆಮೇಲೆ ಅರಳಿಕಟ್ಟೆ. ಹೀಗೆ ಮೂರು ದಿನ ಬೆಳಿಗ್ಗೆ. ಮೂರನೇ ದಿನ ಬಿಲ್ ಕಲೆಕ್ಟರ್ ಅವರೇ ಓಡೋಡಿ ಬಂದು ಸಾರ್ ಕೈ ಹಿಡಿದುಕೊಂಡರು.

"ಸಾಕು ಸಾರ್, ಇನ್ ಓದ್ಬ್ಯಾಡಿ. ನನಗೇ ನಾಚ್ಕೆ ಆಗ್ತಾ ಐತೆ."

ಒಂದೂವರೆ ತಿಂಗಳ ಮೇಲೆ ಅವರನ್ನು ಕೆಲಸಕ್ಕೆ ಮತ್ತೆ ತೆಗೆದುಕೊಂಡರು. ತಂಗಿಯ ಆ ಸಂಬಂಧ ಮಾತ್ರ ತಪ್ಪಿಹೋಯಿತು.

ಇದಿಷ್ಟನ್ನು, ನನ್ನ ಕೈಯ ಕೆಲಸವನ್ನೂ ಸೇರಿಸಿ, ಆ ಮನುಷ್ಯನ ಹೆಸರು ಹಾಕದೆ ಬರೆದು ಸಂಚಾಲಕರಿಗೆ ಕಳಿಸಿದೆ. ನಾಲ್ಕು ದಿನ ಬಿಟ್ಟು ಫೋನು ಬಂತು.

"ಮೇಡಂ, ತುಂಬಾ ಚೆನ್ನಾಗಿ ಬರ್ದಿದೀರಿ. ಆದ್ರೆ ಇದು ಶ್ರದ್ಧಾಂಜಲಿ ಪುಸ್ತಕ ಅಲ್ವಾ. ತಪ್ಪಿನ ವಿಷ್ಯ ಯಾಕೆ?"

"ತಪ್ಪು ತಿದ್ದಿಕೊಂಡ ವಿಷ್ಯ ಅದು."

"ಗೊತ್ತು ಮೇಡಂ, ನಿಮಗೆ ಗೊತ್ತು, ನನಗೆ ಗೊತ್ತು. ಈಗಿನ ಕಾಲ ನೋಡಿ. ಯಾರಾದ್ರೂ ಈ ಒಂದು ಪುಟದ ಫೋಟೋ ತೆಗ್ದು ವಾಟ್ಸಾಪಲ್ಲಿ ಬಿಟ್ರೆ? ಸುಳ್ಳು ಸುದ್ದಿ ಬರೀತಿದ್ರು ಅಂತ ಅವರ ಶಿಷ್ಯೆನೇ ಒಪ್ಕೊಂಡಿದಾರೆ ಅಂತ ಹಾಕಿದ್ರೆ? ಸತ್ತೋರು ಬಂದು ಉತ್ತರ ಕೊಡ್ತಾರಾ?"

ಅವರ ಮಾತಿನಲ್ಲಿ ಹುರುಳಿತ್ತು ಎಂಬುದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಅದೇ ವಾರ ಸಾರ್ ಅವರ ಹಳೆಯ ಸಹೋದ್ಯೋಗಿಯೊಬ್ಬರ ಲೇಖನ ಬಂತು. ಈಗ ಒಂದು ಸುದ್ದಿವಾಹಿನಿಯಲ್ಲಿ ದಿನಾ ಸಂಜೆ ಕೂಗಾಡುವವರು. ಸಾರ್ ಬದುಕಿದ್ದಾಗ ಇವರ ಕಾರ್ಯಕ್ರಮ ಬಂದರೆ ರಿಮೋಟಿಗಾಗಿ ತಡಕಾಡುತ್ತಿದ್ದರು. ಲೇಖನದಲ್ಲಿ ಹೀಗೊಂದು ಸಾಲಿತ್ತು. ಗುರುಗಳ ವೃತ್ತಿಜೀವನದಲ್ಲಿ ಒಂದೇ ಒಂದು ಅಕ್ಷರಕ್ಕೂ ತಿದ್ದುಪಡಿ ಹಾಕುವ ಪ್ರಸಂಗ ಬರಲಿಲ್ಲ.

ನಾನು ಆ ಸಾಲನ್ನು ಹೊಡೆದುಹಾಕಿದೆ. ಸಂಚಾಲಕರು ಅದನ್ನು ಮತ್ತೆ ಸೇರಿಸಿದರು. ನಾನು ಮತ್ತೆ ಹೊಡೆದೆ. ಅವರು ಫೋನು ಮಾಡಿ ನಿಟ್ಟುಸಿರುಬಿಟ್ಟರು. "ನಿಮ್ಮ ಲೇಖನದ ಪ್ರಕಾರನೇ ನೋಡಿದ್ರೂ ಅಕ್ಷರ ತೆಗ್ದಿದ್ದು ನೀವು. ಸಾರ್ ಬರ್ದಿದ್ದು ಸರಿಯಾಗೇ ಇತ್ತಲ್ಲ. ಹಂಗಾದ್ರೆ ಈ ಸಾಲಲ್ಲಿ ತಪ್ಪೇನಿದೆ?"

ಫೋನಿಟ್ಟು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ. ಮೂರು ದಿನ ಹಳ್ಳಿ ತಿರುಗಿ ನನ್ನದು ತಪ್ಪು, ನನ್ನದು ತಪ್ಪು ಎಂದವರ ಬದುಕಿನಿಂದ ಆ ಮೂರು ದಿನವನ್ನೇ ಕಿತ್ತು ತೆಗೆಯಲು ಇಷ್ಟು ವಿನಯದಿಂದಲೂ ಸಾಧ್ಯವೇ ಎಂದು ಯೋಚಿಸುತ್ತ ನಿಂತೆ.

ಸಾರ್ ಮಗಳಾದರೂ ನನ್ನ ಪರ ನಿಲ್ಲಬಹುದೆಂದು ರಾಜಾಜಿನಗರಕ್ಕೆ ಹೋದೆ. ಒಬ್ಬಳೇ ಮಗಳು, ಬ್ಯಾಂಕಿನಲ್ಲಿ ಅಧಿಕಾರಿ. ಚಿಕ್ಕಂದಿನಿಂದ ನನ್ನನ್ನು ಅಕ್ಕ ಎನ್ನುವವಳು. ತಾಯಿ ಹೋದಮೇಲೆ ತಂದೆಯನ್ನು ನೋಡಿಕೊಂಡವಳು ಅವಳೇ. ಲೇಖನವನ್ನು ಓದಲೂ ಇಲ್ಲ, ಟೀಪಾಯಿ ಮೇಲಿಟ್ಟಳು.

"ಅಕ್ಕ, ಅವ್ರು ಏನ್ ಬೇಕಾದ್ರೂ ಹಾಕ್ಕೊಳ್ಳಲಿ. ನನಗೆ ಸಾಕಾಗಿದೆ. ಜಗಳ ಮಾತ್ರ ಬೇಡ."

ಉಳಿದದ್ದು ಹೇರೋಹಳ್ಳಿ. ಆ ಮನುಷ್ಯನನ್ನೇ ಕಂಡು, ನಿಜವೆಂದು ಅವರಿಂದ ನಾಲ್ಕು ಸಾಲು ಬರೆಸಿಕೊಂಡು ಬಂದರೆ ಸಮಿತಿ ಏನು ಮಾಡುತ್ತದೆ ನೋಡೋಣ ಎಂದು ಒಂದು ಶನಿವಾರ ಬೆಳಿಗ್ಗೆ ಹೊರಟೆ. ರಸ್ತೆ ಅಗೆದಿದ್ದಾರೆಂದು ಆಟೋದವನು ಅರ್ಧಕ್ಕೇ ಇಳಿಸಿದ. ಪೈಪಿಗೆಂದು ತೋಡಿದ ಗುಂಡಿಗಳನ್ನು ದಾಟಿಕೊಂಡು, ಕೆಸರು ಮೆತ್ತಿದ ಚಪ್ಪಲಿಯಲ್ಲಿ, ನಾಲ್ಕು ಕಡೆ ಕೇಳಿದೆ. ಡೈರಿ ಇದ್ದ ಜಾಗದಲ್ಲಿ ಟೈಲ್ಸ್ ಅಂಗಡಿ. ಕಡೆಗೆ ಒಬ್ಬ ಹೆಂಗಸು, "ಬಿಲ್ ಕಲೆಕ್ಟ್ರು ತಾತನ ಮನೇನಾ?" ಎಂದು ಒಂದು ಮೂರಂತಸ್ತಿನ ಕಟ್ಟಡ ತೋರಿಸಿದಳು. ಕೆಳಗೆರಡು ಮನೆ ಬಾಡಿಗೆಗೆ. ಮೇಲೆ ಇವರು.

ಬಾಗಿಲಲ್ಲೇ ಗುರುತು ಹೇಳಿಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಪೇಪರ್ ಕಟ್ಟು ಹಿಡ್ಕಂಡು ನಿಂತಿದ್ರಲ್ಲ, ಆ ಹುಡ್ಗಿನಾ ನೀವು? ಬನ್ನಿ, ಕೂತ್ಕಳಿ. ಸಾರ್ ಹೋಗ್ಬಿಟ್ರಂತೆ. ಟಿ.ವಿ.ನಾಗೆ ನೋಡ್ದೆ."

ಸೊಸೆ ಕಾಫಿ ತಂದಿಟ್ಟಳು. ಪುಸ್ತಕದ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು ತಲೆ ಅಡ್ಡ ಆಡಿಸಿದರು.

"ಬ್ಯಾಡಿ ಮೇಡಂ. ನನ್ ಸುದ್ದಿ ಎರಡು ಸಲ ಅಚ್ಚಾಯ್ತು, ಸಾಕು. ನೀವು ಹೆಸ್ರು ಹಾಕ್ದೇ ಇದ್ರೂ ಊರೋರಿಗೆ ತಿಳೀತದೆ. ಈಗಿರೋ ಬಾಡಿಗೆ ಹುಡುಗ್ರಿಗೆ ಏನೂ ಗೊತ್ತಿಲ್ಲ. ಹಂಗೇ ಇರ್ಲಿ."

"ಸಾರ್ ಬಂದು ಓದಿದ್ದು ನಿಮಗೆ ಸಮಾಧಾನ ಆಗಲಿಲ್ವಾ?"

"ಆಯ್ತು. ಅಷ್ಟು ದೊಡ್ಡ ಮನುಷ್ಯ ಬಂದು ಕೈಮುಗುದ್ರು. ಇಲ್ಲ ಅನ್ನಾಕಾಯ್ತದಾ? ಆದ್ರೆ ಅವ್ರು ಬಂದು ಓದಿದ್ದಕ್ಕೇ ವಿಷ್ಯ ಗೊತ್ತಿಲ್ದೋರ್ಗೂ ಗೊತ್ತಾಯ್ತು. ಅದೂ ನಿಜ."

ಇದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ. ಸಾರ್ ಯೋಚಿಸಿದ್ದರೋ ಇಲ್ಲವೋ ಕೇಳೋಣವೆಂದರೆ ಅವರಿಲ್ಲ. ಕಾಫಿ ಲೋಟ ಕೆಳಗಿಟ್ಟು, ಮನಸ್ಸಿನಲ್ಲಿದ್ದ ಇನ್ನೊಂದು ಕೆಲಸವನ್ನಾದರೂ ಮುಗಿಸಿಬಿಡೋಣವೆಂದು ಹೇಳಿದೆ. ಅಕ್ಷರ ತೆಗೆದದ್ದು ಸಾರ್ ಅಲ್ಲ, ನಾನು.

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಆಗ ನೀವು ಪಕ್ಕದಾಗೇ ನಿಂತಿದ್ರಿ."

"ಹೌದು."

"ಮೂರು ದಿನಾನೂ ಬಂದಿದ್ರಿ."

"ಹೌದು."

"ಆಗಲೇ ಹೇಳ್ಬೌದಿತ್ತಲ್ಲಮ್ಮ. ಈಗ ನಾನ್ ಇದ್ನ ಏನ್ ಮಾಡ್ಲಿ?"

ಎದ್ದು ಮೆಟ್ಟಿಲಿಳಿದೆ. ಬೈದಿದ್ದರೆ ಚೆನ್ನಾಗಿತ್ತು. ಪರವಾಗಿಲ್ಲ ಎಂದಿದ್ದರೂ ಚೆನ್ನಾಗಿತ್ತು. ಹೊರೆ ಇಳಿಸಲು ಹೋದವಳು ಅವರ ಮನೆಯ ನಡುವೆ ಅದನ್ನು ಇಟ್ಟುಬಂದಂತಾಯಿತು. ಉಲ್ಲಾಳದ ಕಡೆ ಹೋಗುವ ಬಸ್ಸು ಹತ್ತಿ, ತಪ್ಪು ಬಸ್ಸೆಂದು ತಿಳಿದ ಮೇಲೂ ಕೊನೆಯ ನಿಲ್ದಾಣದವರೆಗೆ ಕೂತೇ ಇದ್ದೆ.

ಅಂದೇ ಸಂಚಾಲಕರಿಗೆ ಫೋನು ಮಾಡಿ ನನ್ನ ಲೇಖನ ಬೇಡ ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಪೂರ್ತಿ ಬಿಡುವುದು ಸರಿಯಲ್ಲವೆಂದು ಅದರಿಂದ ಎರಡು ಪ್ಯಾರಾ ತಾವೇ ಆರಿಸಿ ಹಾಕಿದರು. ಸಾರ್ ಡಬ್ಬಿಯಲ್ಲಿ ಅವಲಕ್ಕಿ ತರುತ್ತಿದ್ದರು, ಮಂತ್ರಿಗಳ ಊಟಕ್ಕೆ ಹೋಗುತ್ತಿರಲಿಲ್ಲ ಎಂಬಷ್ಟು. ಹೊಡೆದುಹಾಕಿದ್ದ ಆ ಸಾಲೂ ಅಚ್ಚಾಯಿತು. ಪುಸ್ತಕದ ಮೊದಲ ಪುಟದಲ್ಲಿ ಸಂಪಾದಕಿ ಎಂದು ನನ್ನ ಹೆಸರು.

ಬಿಡುಗಡೆ ವಿಜಯನಗರದ ಒಂದು ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಮುಖ್ಯ ಅತಿಥಿಯಾಗಿ ಬಂದವರು ಸಾರ್ ಬರಹದಿಂದ ಖಾತೆ ಕಳೆದುಕೊಂಡ ಇಬ್ಬರಲ್ಲಿ ಒಬ್ಬರು. ಈಗ ವಯಸ್ಸಾಗಿದೆ. "ಅವರು ನನ್ನನ್ನು ತಿದ್ದಿದ ಗುರು" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಸಂಪಾದಕಿಗೆ ಮೂರು ನಿಮಿಷ ಎಂದರು.

ಬರೆದುಕೊಂಡು ಹೋಗಿರಲಿಲ್ಲ. ಏನೂ ಹೇಳಬಾರದು, ವಂದನೆ ಹೇಳಿ ಇಳಿಯಬೇಕು ಎಂದೇ ಹತ್ತಿದ್ದೆ. ಮೈಕಿನ ಮುಂದೆ ನಿಂತಾಗ ಪುಸ್ತಕದ ರಾಶಿ ಕಂಡಿತು. ಪುಟ ನಲವತ್ತೊಂದರಲ್ಲಿರುವ ಸಾಲು ಸುಳ್ಳು ಎಂದುಬಿಟ್ಟೆ. ಸಾರ್ ವರದಿಗೆ ತಿದ್ದುಪಡಿ ಹಾಕಬೇಕಾಗಿ ಬಂದಿತ್ತು, ಆ ತಪ್ಪು ನನ್ನ ಕೈಯಿಂದ ಆದದ್ದು, ಅವರು ತಮ್ಮ ಮೇಲೆ ಹಾಕಿಕೊಂಡರು, ಇಪ್ಪತ್ತೈದು ವರ್ಷದ ಹಿಂದೆ ಮೂರು ದಿನ ಬೆಳಿಗ್ಗೆ ಒಂದು ಊರಿಗೆ ಹೋಗಿ ಜನರ ಮುಂದೆ ಕೈಮುಗಿದು ನಿಂತು ಓದಿದರು, ನಾನು ಪಕ್ಕದಲ್ಲಿದ್ದೂ ಬಾಯಿ ಬಿಡಲಿಲ್ಲ ಎಂದೆ. ಊರಿನ ಹೆಸರನ್ನಾಗಲಿ ಆ ಮನುಷ್ಯನ ಕೆಲಸವನ್ನಾಗಲಿ ಹೇಳಲಿಲ್ಲ.

ಚಪ್ಪಾಳೆ ಬಿತ್ತು. ನಿಲ್ಲದ ಚಪ್ಪಾಳೆ. ಸುದ್ದಿವಾಹಿನಿಯವರು ಎದ್ದುಬಂದು ಮೈಕು ತೆಗೆದುಕೊಂಡು, "ನೋಡಿ, ಎಂಥಾ ದೊಡ್ಡ ಗುಣ! ಬೇರೆಯವರ ತಪ್ಪನ್ನೂ ತಮ್ಮ ಹೆಗಲ ಮೇಲೆ ಹೊತ್ತ ಮಹಾನುಭಾವರು!" ಎಂದು ಹೇಳಿ ಇನ್ನೊಂದು ಚಪ್ಪಾಳೆ ಗಿಟ್ಟಿಸಿದರು. ತಾವು ಬರೆದ ಸಾಲಿನ ಬಗ್ಗೆ ಒಂದು ಮಾತಿಲ್ಲ. ಮುಖ್ಯ ಅತಿಥಿಗಳು ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ನಾನು ಹೇಳಿದ್ದು ಏನು, ಇವರು ಕೇಳಿಸಿಕೊಂಡದ್ದು ಏನು? ಆ ತಪ್ಪಿನಿಂದ ಮತ್ತೊಬ್ಬರ ಮನೆಯಲ್ಲಿ ಏನಾಯಿತೆಂದು ಅಷ್ಟು ಜನರಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ. ಊಟದ ಸಾಲಿನಲ್ಲಿ ಮೂರು ಜನ ಬಂದು "ತುಂಬಾ ಟಚಿಂಗ್ ಆಗಿತ್ತು ಮೇಡಂ" ಎಂದರು.

ಎರಡನೇ ದಿನ ಸಂಚಾಲಕರ ಭಯವೂ ನಿಜವಾಯಿತು. ಯಾರೋ ನನ್ನ ಮಾತಿನ ಮಧ್ಯದ ಹನ್ನೆರಡು ಸೆಕೆಂಡು ಕತ್ತರಿಸಿ, ಖ್ಯಾತ ಪತ್ರಕರ್ತರ ಸುಳ್ಳು ಸುದ್ದಿ ಬಯಲು ಎಂದು ತಲೆಬರಹ ಕೊಟ್ಟು ಹರಿಬಿಟ್ಟರು. ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿಗೂ ಬಂತು. ಸಂಚಾಲಕರು ಬಯ್ಯಲಿಲ್ಲ. "ನಾನು ಮೊದಲೇ ಹೇಳಿದ್ನಲ್ಲ ಮೇಡಂ" ಎಂದಷ್ಟೇ ಹೇಳಿ ಫೋನಿಟ್ಟರು. ನಾಲ್ಕು ದಿನ ಒಬ್ಬೊಬ್ಬರಿಗೂ ಉತ್ತರ ಬರೆದೆ. ಪೂರ್ತಿ ಕೇಳಿ, ವರದಿ ಸುಳ್ಳಲ್ಲ, ಪಟ್ಟಿ ನಿಜವಾಗಿತ್ತು, ಒಂದು ಹೆಸರಿನ ಇನಿಷಿಯಲ್ ಬಿಟ್ಟುಹೋಗಿತ್ತು ಎಂದು. ಯಾರೋ ಒಬ್ಬ, "ಆಂಟಿ, ರೆಸ್ಟ್ ತಗೊಳ್ಳಿ" ಎಂದು ಬರೆದ. ಫೋನನ್ನು ಬೀರುವಿನಲ್ಲಿಟ್ಟೆ.

ಐದನೇ ದಿನ ಸಾರ್ ಮಗಳು ಮನೆಗೆ ಬಾ ಎಂದು ಕರೆದಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ. ಅವಳು ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. ವಿಡಿಯೋ ಪೂರ್ತಿ ನೋಡಿದೆ ಎಂದಳು.

"ಅಕ್ಕ, ಅದು ಯಾವ ತಿಂಗಳು?"

"ಮಾರ್ಚ್ ಕೊನೆ ಇರಬೇಕು. ಬಿಸಿಲಿತ್ತು."

"ಅಂದ್ಕೊಂಡೆ. ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ದಿನಾ ಸೆಂಟರ್‌ಗೆ ನಾನೇ ಬಿಡ್ತೀನಿ ಅಂತ ಅಪ್ಪ ಹೇಳಿದ್ರು. ಮೊದಲ ಮೂರು ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಸ್ಕೂಟರ್ರೇ ಇಲ್ಲ. ಗಣಿತದ ದಿನ ಬಸ್ ಸಿಗದೆ ಅಮ್ಮ ನಾನು ಓಡ್ಕೊಂಡು ಹೋದ್ವಿ. ಎಲ್ಲಿಗೆ ಹೋಗಿದ್ರಿ ಅಂದ್ರೆ ಕೆಲಸ ಇತ್ತು ಅಂದ್ರು. ಈಗ ಗೊತ್ತಾಯ್ತು." ಒಂದು ಕಾಯಿಯ ನಾರು ಎಳೆದು ಬುಟ್ಟಿಗೆ ಹಾಕಿದಳು. "ಊರವರ ಹತ್ರ ಎಲ್ಲ ಕೈಮುಗಿದು ಕ್ಷಮೆ ಕೇಳಿದ್ರು ಅಲ್ವಾ. ನನಗೊಂದು ಮಾತು ಹೇಳಬೌದಿತ್ತು."

ನನಗೆ ಸಾರ್ ಮೇಲೆ, ಅವರು ಹೋದ ಮೇಲೆ ಮೊದಲ ಸಲ, ನಿಜವಾದ ಸಿಟ್ಟು ಬಂತು. ಆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಿದ್ದವಳು ನಾನು. ನಾನೂ ಬುಟ್ಟಿಯಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸತೊಡಗಿದೆ.

"ಆಫೀಸಲ್ಲಾದ್ರೂ ಅಪ್ಪ ನಗ್ತಿದ್ರಾ ಅಕ್ಕ?" ಎಂದು ಕೇಳಿದಳು.

ಸದನದಿಂದ ಬಂದ ಕೂಡಲೇ ಒಬ್ಬೊಬ್ಬ ಶಾಸಕರ ದನಿಯನ್ನೂ ಅನುಕರಿಸಿ, ಮೇಜು ಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮಹಡಿಯ ಆ ತುದಿಗೆ ಕೇಳಿಸುತ್ತಿತ್ತು. ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಇನ್ನು ಯಾವುದನ್ನೂ ಮುಚ್ಚಿಡುವುದು ನನ್ನಿಂದ ಆಗದೆಂದು ಹೇಳಿದೆ.

"ದಿನಾ ನಗ್ತಿದ್ರು ಕಣೇ."

ಅವಳು ತಲೆಯಾಡಿಸಿದಳು. ಕುಕ್ಕರ್ ಕೂಗಿತು. ಎದ್ದು ಒಳಗೆ ಹೋದವಳು, ಉರಿ ಆರಿಸಿದ ಸದ್ದು ಬಂದ ಮೇಲೂ, ಬಹಳ ಹೊತ್ತು ಹೊರಗೆ ಬರಲಿಲ್ಲ.